ದುಂಬಿ ಮೀನಾದದ್ದು ಹೇಗೆ? ಅಮೆರಿಕದ ರಾಜ್ಯ ಮೇಲ್ಮನವಿ ಕೋರ್ಟುಗಳು ಕಾಯ್ದೆ ಓದುವ ಬಗೆ

(ಕಾನೂನು ವಿದ್ಯಾರ್ಥಿಗಳು ಮತ್ತು ಕಿರಿಯ ವಕೀಲರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2022ರ ಮೇ 31ರಂದು ಕ್ಯಾಲಿಫೋರ್ನಿಯಾದ ಒಂದು ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿತು. ಆಮೇಲೆ ಪತ್ರಿಕೆಗಳಲ್ಲೂ ಫೋನುಗಳಲ್ಲೂ ಅದೇ ಸುದ್ದಿ: ಕ್ಯಾಲಿಫೋರ್ನಿಯಾದಲ್ಲಿ ದುಂಬಿ ಅಂದರೆ ಮೀನಂತೆ! ಜನ ನಕ್ಕರು. ಜಡ್ಜುಗಳಿಗೆ ಇಷ್ಟೂ ಗೊತ್ತಿಲ್ವಾ ಅಂದರು. ಆದರೆ ತೀರ್ಪನ್ನು ಪೂರ್ತಿ ಓದಿದವರು ಕಡಿಮೆ. ಇವತ್ತು ನಾವು ಅದನ್ನು ಸ್ವಲ್ಪ ನಿಧಾನವಾಗಿ ಓದೋಣ. ಕಾಯ್ದೆ ಓದುವುದು ಎಂಥ ಕೆಲಸ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಅಳಿವಿನಂಚಿನ ಜೀವಿಗಳನ್ನು ಕಾಪಾಡಲು ಕ್ಯಾಲಿಫೋರ್ನಿಯಾ 1984ರಲ್ಲಿ ತನ್ನದೇ ಒಂದು ಕಾಯ್ದೆ ಮಾಡಿಕೊಂಡಿತು. ಕೇಂದ್ರದ ಕಾಯ್ದೆ ಬೇರೆ ಇದೆ, ಇದು ರಾಜ್ಯದ್ದು. ಯಾವ ಜೀವಿಗಳಿಗೆ ರಕ್ಷಣೆ ಕೊಡಬಹುದು ಅಂತ ಅದರಲ್ಲಿ ಒಂದು ಸಾಲು ಇದೆ: ಹಕ್ಕಿ, ಸಸ್ತನಿ, ಮೀನು, ಉಭಯಚರ, ಸರೀಸೃಪ, ಇಲ್ಲವೇ ಸಸ್ಯ. ಕೀಟ ಅನ್ನುವ ಪದ ಈ ಸಾಲಿನಲ್ಲಿ ಎಲ್ಲೂ ಇಲ್ಲ.

2018ರಲ್ಲಿ ಪರಿಸರ ಸಂಘಟನೆಗಳು ಒಂದು ಅರ್ಜಿ ಹಾಕಿದವು. ನಾಲ್ಕು ಜಾತಿಯ ದುಂಬಿಗಳು ಅಳಿಯುತ್ತಿವೆ, ಇವನ್ನು ಪಟ್ಟಿಗೆ ಸೇರಿಸಿ ಅಂತ. ಕ್ಯಾಲಿಫೋರ್ನಿಯಾದ ಮೀನು ಮತ್ತು ಬೇಟೆ ಆಯೋಗ 2019ರಲ್ಲಿ ಇವುಗಳನ್ನು 'ಪರಿಶೀಲನೆಯಲ್ಲಿರುವ ಜೀವಿಗಳು' ಎಂದು ಒಪ್ಪಿಕೊಂಡಿತು. ಆ ಹಂತದಲ್ಲೇ ರಕ್ಷಣೆ ಶುರುವಾಗುತ್ತದೆ. ಅನುಮತಿ ಇಲ್ಲದೆ ಕೊಂದರೆ ಅಪರಾಧ. ಬಾದಾಮಿ ಬೆಳೆಗಾರರ ಸಂಘ ಮತ್ತು ಇತರ ಕೃಷಿ ಸಂಘಗಳು ಕೋರ್ಟಿಗೆ ಹೋದವು. ಅವರ ಆತಂಕ ಸುಳ್ಳಲ್ಲ. ಜಗತ್ತಿನ ಬಾದಾಮಿಯಲ್ಲಿ ಸುಮಾರು 80% ಬೆಳೆಯುವುದು ಆ ರಾಜ್ಯದಲ್ಲಿ. ಹೊಲಕ್ಕೆ ಔಷಧಿ ಹೊಡೆದಾಗ ದುಂಬಿ ಸತ್ತರೆ ನಮ್ಮ ಮೇಲೆ ಕೇಸು ಬರುತ್ತದಾ ಅನ್ನುವುದು ರೈತರ ಪ್ರಶ್ನೆ.

ಸ್ಯಾಕ್ರಮೆಂಟೊದ ವಿಚಾರಣಾ ನ್ಯಾಯಾಲಯ 2020ರಲ್ಲಿ ರೈತರ ಪರ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ ಅದು ಪೂರ್ತಿ ತಿರುಗಿತು. ಹೇಗೆ?

ಈ ಕಾಯ್ದೆ ಒಂಟಿಯಾಗಿ ನಿಂತಿಲ್ಲ. ಅದು 'ಮೀನು ಮತ್ತು ಬೇಟೆ ಸಂಹಿತೆ' ಎಂಬ ದೊಡ್ಡ ಸಂಹಿತೆಯ ಒಂದು ಭಾಗ. ಆ ಸಂಹಿತೆಯ ಶುರುವಿನಲ್ಲೇ ವ್ಯಾಖ್ಯೆಗಳ ಅಧ್ಯಾಯ ಇದೆ. ಅದರ 45ನೇ ಕಲಂ ಮೀನು ಅಂದರೆ ಏನು ಅಂತ ಹೇಳುತ್ತದೆ. ಸಾಕಿದ್ದಲ್ಲದ ಮೀನು, ಮೃದ್ವಂಗಿ, ಏಡಿ-ಸೀಗಡಿಯಂಥ ಚಿಪ್ಪಿನ ಪ್ರಾಣಿ, ಬೆನ್ನುಮೂಳೆ ಇಲ್ಲದ ಪ್ರಾಣಿ, ಉಭಯಚರ, ಜೊತೆಗೆ ಇವುಗಳ ಮೊಟ್ಟೆ ಕೂಡ. 'ಬೆನ್ನುಮೂಳೆ ಇಲ್ಲದ ಪ್ರಾಣಿ' ಎಂಬ ಮಾತನ್ನು 1969ರಲ್ಲಿ ಸೇರಿಸಿದ್ದು. ದುಂಬಿಗೆ ಬೆನ್ನುಮೂಳೆ ಇಲ್ಲ. ಇನ್ನೊಂದು ಕಲಂ ಹೇಳುವುದು ಇದು: ಸಂದರ್ಭ ಬೇರೆ ಅರ್ಥ ಕೇಳದಿದ್ದರೆ, ಈ ವ್ಯಾಖ್ಯೆಗಳು ಇಡೀ ಸಂಹಿತೆಗೆ ಅನ್ವಯ. ನಮ್ಮ ವಕೀಲರಿಗೆ ಈ ಮಾತು ಹೊಸದಲ್ಲ. ಕರ್ನಾಟಕದ ಯಾವ ಅಧಿನಿಯಮ ತೆಗೆದರೂ ವ್ಯಾಖ್ಯೆಗಳ ಕಲಮಿನಲ್ಲಿ 'ಸಂದರ್ಭವು ಅನ್ಯಥಾ ಅಗತ್ಯಪಡಿಸದ ಹೊರತು' ಅಂತ ಇದ್ದೇ ಇರುತ್ತದೆ. ಅರ್ಧ ಜಗಳ ಹುಟ್ಟುವುದೇ ಆ ನಾಲ್ಕು ಪದಗಳಲ್ಲಿ.

ರೈತರ ಪರ ವಕೀಲರ ವಾದ ಗಟ್ಟಿಯಾಗಿಯೇ ಇತ್ತು. ಒಂದು, 45ನೇ ಕಲಮಿನಲ್ಲಿರುವ ಪದಗಳನ್ನು ಒಟ್ಟಿಗೆ ಓದಿದರೆ ನೀರಿನ ಪ್ರಾಣಿಗಳೇ ಕಣ್ಣಿಗೆ ಬರುತ್ತವೆ. ಜೊತೆಗಿರುವ ಪದಗಳ ಬಣ್ಣ ಈ ಪದಕ್ಕೂ ಹತ್ತಬೇಕು ಅನ್ನುವುದು ಹಳೆಯ ಸೂತ್ರ. ವಿಚಾರಣಾ ನ್ಯಾಯಾಲಯ ಒಪ್ಪಿದ್ದೂ ಇದನ್ನೇ. ಇನ್ನೊಂದು ವಾದ ಇನ್ನೂ ಚುರುಕು. 45ನೇ ಕಲಮಿನ ಪ್ರಕಾರ ಮೀನು ಅಂದರೆ ಉಭಯಚರವೂ ಸೇರುತ್ತದೆ. ಹಾಗಾದರೆ 1984ರ ಕಾಯ್ದೆಯ ಸಾಲಿನಲ್ಲಿ 'ಮೀನು' ಆದಮೇಲೆ ಮತ್ತೆ 'ಉಭಯಚರ' ಅಂತ ಯಾಕೆ ಬೇರೆ ಬರೆದರು? ಆ ಪದ ಸುಮ್ನೆ ಬಿದ್ದಿದೆಯಾ? ಶಾಸನಸಭೆ ದಂಡಕ್ಕೆ ಪದ ಬರೆಯುವುದಿಲ್ಲ ಅಂತ ಕೋರ್ಟುಗಳೇ ಹೇಳುತ್ತವೆ ಅಲ್ವಾ? ಸಾಲದ್ದಕ್ಕೆ, ಕೀಟಗಳು ಈ ಪಟ್ಟಿಗೆ ಸೇರುವುದಿಲ್ಲ ಅಂತ ರಾಜ್ಯದ ಅಟಾರ್ನಿ ಜನರಲ್ 1998ರಲ್ಲಿ ಲಿಖಿತ ಅಭಿಪ್ರಾಯ ಕೊಟ್ಟಿದ್ದರು.

ಮೂರನೇ ಜಿಲ್ಲೆಯ ಮೇಲ್ಮನವಿ ಕೋರ್ಟಿನ ಪೀಠ ಈ ಒಂದೊಂದಕ್ಕೂ ಉತ್ತರ ಬರೆಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೊನಾಲ್ಡ್ ರೋಬಿ. ಮೀನು ಅಂದರೆ ಆಡುಮಾತಿನಲ್ಲಿ ನೀರಿನ ಪ್ರಾಣಿಯೇ ಹೌದು ಅಂತ ಅವರು ಒಪ್ಪುತ್ತಾರೆ. ಆದರೆ ಇಲ್ಲಿ ಶಾಸನಸಭೆ ಆ ಪದಕ್ಕೆ ತನ್ನದೇ ಅರ್ಥ ಕಟ್ಟಿಕೊಟ್ಟಿದೆ. ಕಟ್ಟಿಕೊಟ್ಟ ಮೇಲೆ ಆಡುಮಾತಿನ ಅರ್ಥಕ್ಕೆ ಅಲ್ಲಿ ಜಾಗ ಇಲ್ಲ. ಇನ್ನು ಮೃದ್ವಂಗಿ ಅಂದರೆ ನೀರಿನದೇ ಆಗಬೇಕಾ? ಬಸವನಹುಳು ನೆಲದ ಮೇಲೆ ಇರುತ್ತದಲ್ಲ!

ಈ ಬಸವನಹುಳವೇ ಇಡೀ ತೀರ್ಪಿನ ಬೆನ್ನೆಲುಬು. 1984ಕ್ಕೆ ಮೊದಲೇ, ಇದೇ ಕೆಲಸಕ್ಕೆ ರಾಜ್ಯದಲ್ಲಿದ್ದ ಹಳೆಯ ಕಾಯ್ದೆಯ ಅಡಿಯಲ್ಲಿ, 1980ರಲ್ಲಿ, ಆಯೋಗ ಟ್ರಿನಿಟಿ ಪ್ರದೇಶದ ಒಂದು ಬಸವನಹುಳವನ್ನು ರಕ್ಷಿತ ಪಟ್ಟಿಗೆ ಸೇರಿಸಿತ್ತು. ಅದು ನೆಲದ ಪ್ರಾಣಿ. ಹಳೆಯ ಕಾಯ್ದೆಯಲ್ಲೂ 'ಮೃದ್ವಂಗಿ' ಅಂತ ಬೇರೆ ಪದ ಇರಲಿಲ್ಲ, ಅದು ಒಳಗೆ ಬಂದದ್ದು 'ಮೀನು' ಎಂಬ ಬಾಗಿಲಿನಿಂದಲೇ. 1984ರಲ್ಲಿ ಹೊಸ ಕಾಯ್ದೆ ಮಾಡುವಾಗ ಶಾಸನಸಭೆ ಹಳೆಯ ಪಟ್ಟಿಯನ್ನು ಹಾಗೇ ಉಳಿಸಿಕೊಂಡಿತು. ಅಂದರೆ ನೆಲದ ಮೇಲಿನ, ಬೆನ್ನುಮೂಳೆ ಇಲ್ಲದ ಒಂದು ಪ್ರಾಣಿ 'ಮೀನಾಗಿ' ಪಟ್ಟಿಯಲ್ಲಿ ಇರುವುದು ಶಾಸನಸಭೆಗೆ ಗೊತ್ತಿತ್ತು, ಅದನ್ನು ಒಪ್ಪಿಯೂ ಇತ್ತು. ಇನ್ನೊಂದು ದಾಖಲೆ ಮಸೂದೆಯ ಕಡತದಲ್ಲಿ ಸಿಗುತ್ತದೆ. ಮಸೂದೆಯ ಮೊದಲ ರೂಪದಲ್ಲಿ 'ಬೆನ್ನುಮೂಳೆ ಇಲ್ಲದ ಪ್ರಾಣಿ' ಎಂಬ ಮಾತು ಇತ್ತು. ಆಮೇಲೆ ತೆಗೆದರು. ಬೇಡ ಅಂತ ತೆಗೆದದ್ದಲ್ಲ. ಮೀನಿನ ವ್ಯಾಖ್ಯೆಯಲ್ಲೇ ಅದು ಸೇರಿದೆ, ಎರಡು ಸಲ ಬರೆಯುವ ಅಗತ್ಯ ಇಲ್ಲ ಅಂತ ರಾಜ್ಯದ ಮೀನು ಮತ್ತು ಬೇಟೆ ಇಲಾಖೆ ಹೇಳಿತ್ತು.

ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ಉಭಯಚರದ ವಾದ ನನ್ನನ್ನು ಈಗಲೂ ಕಾಡುತ್ತದೆ. ಆ ಪದಕ್ಕೆ ತೀರ್ಪು ಕೊಟ್ಟ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ. ಆದರೆ ಬಸವನಹುಳದ ಇತಿಹಾಸ ಮತ್ತು ಮಸೂದೆಯ ಕಡತ ಎರಡನ್ನೂ ಪಕ್ಕಪಕ್ಕ ಇಟ್ಟರೆ ಪೀಠ ಹಿಡಿದ ದಾರಿ ಸರಿ ಅಂತಲೇ ನನಗೆ ಅನಿಸುತ್ತದೆ. ಅದು ದುಂಬಿಯನ್ನು ಪ್ರೀತಿಸಿ ಕೊಟ್ಟ ತೀರ್ಪಲ್ಲ. ಶಾಸನಸಭೆ ಏನು ಬರೆಯಿತು, ಏನು ಗೊತ್ತಿದ್ದು ಬರೆಯಿತು ಅಂತ ಹುಡುಕಿ ಕೊಟ್ಟ ತೀರ್ಪು.

ರೈತ ಸಂಘಗಳು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿಗೆ ಹೋದವು. 2022ರ ಸೆಪ್ಟೆಂಬರಿನಲ್ಲಿ ಆ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಮುಖ್ಯ ನ್ಯಾಯಮೂರ್ತಿ ಟಾನಿ ಕಾಂಟಿಲ್-ಸಕೌಯೆ ಆಗ ಒಂದು ಚಿಕ್ಕ ಟಿಪ್ಪಣಿ ಬರೆದರು. ನಾವು ಕೇಸು ಎತ್ತಿಕೊಳ್ಳದಿರುವುದನ್ನು ಒಪ್ಪಿಗೆ ಅಂತ ತಿಳಿಯಬೇಡಿ, ಗೊಂದಲ ಇದ್ದರೆ ಶಾಸನಸಭೆ ಕಾಯ್ದೆಯನ್ನು ತಿದ್ದಿ ಸ್ಪಷ್ಟಪಡಿಸಬಹುದು ಅಂತ. ಆ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ರಾಜ್ಯದ ಕೋರ್ಟು ಮತ್ತು ರಾಜ್ಯದ ಶಾಸನಸಭೆ ಒಂದಕ್ಕೊಂದು ಉತ್ತರ ಕೊಡುತ್ತಾ ಕಾನೂನು ಕಟ್ಟುತ್ತವೆ. ಇವತ್ತು ನಾನು ಹೇಳಬೇಕಾದ ಮುಖ್ಯ ವಿಷಯ ಅದೇ.

ಈಗ ಅಲ್ಲಿನ ಕೋರ್ಟುಗಳ ರಚನೆ ಬಗ್ಗೆ ಎರಡು ಮಾತು. ನಮ್ಮ ಹೈಕೋರ್ಟು ಕೇಂದ್ರದ ಕಾಯ್ದೆಯನ್ನೂ ನೋಡುತ್ತದೆ, ರಾಜ್ಯದ ಕಾಯ್ದೆಯನ್ನೂ ನೋಡುತ್ತದೆ. ಎರಡಕ್ಕೂ ಕೊನೆಯ ಮಾತು ದೆಹಲಿಯ ಸುಪ್ರೀಂ ಕೋರ್ಟಿನದು. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ಕೋರ್ಟುಗಳ ಏಣಿ ಇದೆ. ಕೆಳಗೆ ವಿಚಾರಣಾ ನ್ಯಾಯಾಲಯ, ಹೆಚ್ಚಿನ ರಾಜ್ಯಗಳಲ್ಲಿ ನಡುವೆ ಒಂದು ಮೇಲ್ಮನವಿ ಕೋರ್ಟು, ತುದಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು. ವೆರ್ಮಾಂಟ್, ಮೇನ್, ವಯೋಮಿಂಗ್‌ನಂಥ ಜನಸಂಖ್ಯೆ ಕಡಿಮೆ ಇರುವ ರಾಜ್ಯಗಳಲ್ಲಿ ನಡುವಿನ ಮೆಟ್ಟಿಲು ಇಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಅದು ಶುರುವಾದದ್ದೇ 2022ರಲ್ಲಿ. ಹೆಸರುಗಳು ಗೊಂದಲ ಮಾಡುತ್ತವೆ. ನ್ಯೂಯಾರ್ಕ್‌ನಲ್ಲಿ 'ಸುಪ್ರೀಂ ಕೋರ್ಟ್' ಅಂದರೆ ಕೆಳಗಿನ ವಿಚಾರಣಾ ನ್ಯಾಯಾಲಯ, 'ಕೋರ್ಟ್ ಆಫ್ ಅಪೀಲ್ಸ್' ಅಂದರೆ ತುದಿಯದು. ಟೆಕ್ಸಾಸಿನಲ್ಲಿ ತುದಿಗಳೇ ಎರಡು: ಸಿವಿಲ್‌ಗೆ ಒಂದು, ಕ್ರಿಮಿನಲ್‌ಗೆ ಒಂದು.

ಇಷ್ಟರಲ್ಲಿ ಮುಖ್ಯವಾದದ್ದು ಒಂದೇ. ಒಂದು ರಾಜ್ಯದ ಕಾಯ್ದೆಯ ಅರ್ಥ ಏನು ಅನ್ನುವ ಪ್ರಶ್ನೆಗೆ ಆ ರಾಜ್ಯದ ತುದಿಯ ಕೋರ್ಟಿನ ಮಾತೇ ಕೊನೆ. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಕೂಡ ಆ ಅರ್ಥವನ್ನು ಬದಲಿಸುವಂತಿಲ್ಲ. ದೇಶದ ಸಂವಿಧಾನಕ್ಕೋ ಕೇಂದ್ರದ ಕಾನೂನಿಗೋ ವಿರುದ್ಧವಾಗಿದ್ದರೆ ಮಾತ್ರ ಅದು ಕೈ ಹಾಕಬಹುದು. ನಮ್ಮ ಕಡೆಯ ಎಷ್ಟೋ ಜನ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಯಲ್ಲಿ ಇದ್ದಾರೆ. ಅವರ ವೀಸಾ ಕೇಂದ್ರದ ಕಾನೂನಿಗೆ ಸೇರಿದ್ದು. ಆದರೆ ಅವರ ಬಾಡಿಗೆ ಕರಾರು, ವಿಚ್ಛೇದನ, ಕಾರು ಅಪಘಾತ, ಉಯಿಲು ಇವೆಲ್ಲ ಬಹುಮಟ್ಟಿಗೆ ರಾಜ್ಯದ ಕಾನೂನು.

ಮೇಲ್ಮನವಿಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಸಾಕ್ಷಿ ನಂಬಿಕಸ್ಥನಾ, ಸಿಗ್ನಲ್ ಕೆಂಪಾಗಿತ್ತಾ ಅನ್ನುವ ಪ್ರಶ್ನೆಗಳಲ್ಲಿ ಮೇಲಿನ ಕೋರ್ಟು ಕೆಳಗಿನ ಜಡ್ಜಿಯ ಮಾತಿಗೆ ಸಾಮಾನ್ಯವಾಗಿ ಬೆಲೆ ಕೊಡುತ್ತದೆ. ಕಾಯ್ದೆಯ ಅರ್ಥದ ವಿಷಯಕ್ಕೆ ಬಂದರೆ ಹಾಗಲ್ಲ. ಅಲ್ಲಿ ಮೊದಲಿಂದ ಓದುತ್ತದೆ. ಹಾಗಾಗಿಯೇ ಮೇಲ್ಮನವಿ ವಕೀಲರು ತಮ್ಮ ಕೇಸನ್ನು ಕಾಯ್ದೆಯ ಪ್ರಶ್ನೆಯಾಗಿ ಮಂಡಿಸಲು ಒದ್ದಾಡುವುದು.

ಎಲ್ಲ ರಾಜ್ಯದ ಕೋರ್ಟುಗಳೂ ಕಾಯ್ದೆಯ ಪದಗಳಿಂದಲೇ ಶುರು ಮಾಡುತ್ತವೆ. ಜಗಳ ಇರುವುದು ಎರಡನೇ ಹೆಜ್ಜೆಯಲ್ಲಿ. ಪದ ಸ್ಪಷ್ಟವಾಗಿ ಕಂಡರೆ ಅಲ್ಲೇ ನಿಲ್ಲಬೇಕಾ? ಅಥವಾ ಸಮಿತಿಯ ವರದಿ, ಸದನದ ಚರ್ಚೆ, ಮಸೂದೆಯ ಹಳೆಯ ಕರಡು ಇವನ್ನೂ ತೆರೆದು ನೋಡಬಹುದಾ?

ಒರೆಗಾನ್ ರಾಜ್ಯದ ಕಥೆ ಇಲ್ಲಿ ತುಂಬ ಚೆನ್ನಾಗಿದೆ. 1993ರಲ್ಲಿ ಪೋರ್ಟ್‌ಲ್ಯಾಂಡ್‌ನ ವಿದ್ಯುತ್ ಕಂಪನಿಗೂ ರಾಜ್ಯದ ಕಾರ್ಮಿಕ ಇಲಾಖೆಗೂ ನಡುವೆ ಒಂದು ಕೇಸು ನಡೆಯಿತು. ಮಗು ಹುಟ್ಟಿದಾಗ ತೆಗೆದುಕೊಳ್ಳುವ ರಜೆಯಲ್ಲಿ ನೌಕರ ತಾನು ಕೂಡಿಟ್ಟ ಸಿಕ್ ಲೀವ್ ಬಳಸಬಹುದೇ? ಕಂಪನಿ ಹೇಳಿತು: ನಮ್ಮ ಒಪ್ಪಂದದ ಪ್ರಕಾರ ಸಿಕ್ ಲೀವ್ ಕಾಯಿಲೆಗೆ ಮಾತ್ರ. ಕಾಯ್ದೆ ಹೇಳಿತ್ತು: ಕೂಡಿಟ್ಟ ಯಾವುದೇ ರಜೆಯನ್ನು ಬಳಸಲು ನೌಕರನಿಗೆ ಹಕ್ಕಿದೆ. ನೌಕರ ಗೆದ್ದ. ಆದರೆ ಆ ತೀರ್ಪು ಹೆಸರು ಮಾಡಿದ್ದು ರಜೆಯಿಂದಲ್ಲ. ಒರೆಗಾನ್ ಸುಪ್ರೀಂ ಕೋರ್ಟು ಅದರಲ್ಲಿ ಮೂರು ಮೆಟ್ಟಿಲ ನಿಯಮ ಹಾಕಿತು. ಮೊದಲು ಪದ ಮತ್ತು ಅದರ ಸಂದರ್ಭ. ಅಲ್ಲಿ ಅರ್ಥ ಸ್ಪಷ್ಟವಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಮಾತ್ರ ಮಸೂದೆಯ ಇತಿಹಾಸ. ಆಗಲೂ ಬಗೆಹರಿಯದಿದ್ದರೆ ಹಳೆಯ ಸೂತ್ರಗಳು.

ಮುಂದಿನ ವರ್ಷಗಳಲ್ಲಿ ಒರೆಗಾನ್‌ನ ಕೋರ್ಟುಗಳು ಈ ಮೆಟ್ಟಿಲನ್ನು ಕಟ್ಟುನಿಟ್ಟಾಗಿ ಪಾಲಿಸಿದವು. ಎಷ್ಟೋ ಕೇಸುಗಳು ಮೊದಲ ಮೆಟ್ಟಿಲಲ್ಲೇ ಮುಗಿದವು. ಇತಿಹಾಸ ತೋರಿಸುತ್ತೇವೆ ಅಂದರೂ ಅದಕ್ಕೆ ಅವಕಾಶ ಇಲ್ಲ. 2001ರಲ್ಲಿ ಶಾಸನಸಭೆ ತನ್ನ ಕಾಯ್ದೆಯನ್ನೇ ತಿದ್ದಿತು: ಕಕ್ಷಿಗಳು ಮಸೂದೆಯ ಇತಿಹಾಸವನ್ನು ಕೋರ್ಟಿನ ಮುಂದೆ ಇಡಬಹುದು, ಅದಕ್ಕೆ ಎಷ್ಟು ತೂಕ ಕೊಡಬೇಕೋ ಅದು ಕೋರ್ಟಿಗೆ ಬಿಟ್ಟದ್ದು. ಕೋರ್ಟು ಇದನ್ನು ಸರಿಯಾಗಿ ಒಪ್ಪಿಕೊಂಡದ್ದು 2009ರಲ್ಲಿ. ಎಂಟು ವರ್ಷ ಬೇಕಾಯಿತು! ಆಗ ಕೋರ್ಟು ಹೇಳಿತು, ಪದ ಅಸ್ಪಷ್ಟವಾಗಿರಲೇಬೇಕು ಅನ್ನುವ ಷರತ್ತು ಇನ್ನು ಇಲ್ಲ. ಆದರೂ ಪದಕ್ಕೇ ಮೊದಲ ಮಣೆ. ಪದ ಒಂದೇ ಅರ್ಥ ಕೊಡುತ್ತಿದ್ದರೆ ಯಾವ ಇತಿಹಾಸವೂ ಅದನ್ನು ತಿರುಗಿಸಲಾರದು.

ನನಗೆ ಇದು ಅತ್ಯಂತ ಒಪ್ಪುವ ದಾರಿ. ಯಾಕೆ ಅಂದರೆ, ಒಂದು ಪದ ಸ್ಪಷ್ಟವಾಗಿದೆ ಅಂತ ಅನಿಸುವುದು ಓದುವವನ ತಿಳಿವಳಿಕೆಯ ಮೇಲೂ ನಿಂತಿರುತ್ತದೆ. ಬಸವನಹುಳದ ಕಥೆ ಗೊತ್ತಿಲ್ಲದವನಿಗೆ 'ಮೀನು' ಅನ್ನುವ ಪದ ನೂರಕ್ಕೆ ನೂರು ಸ್ಪಷ್ಟ. ಇತಿಹಾಸ ನೋಡಿದ ಮೇಲೇ ಪದದಲ್ಲಿ ಇನ್ನೊಂದು ಅರ್ಥ ಇತ್ತು ಅಂತ ತಿಳಿಯುವುದು. ಹಾಗಿರುವಾಗ ಅಸ್ಪಷ್ಟತೆ ತೋರಿಸಿದರೆ ಮಾತ್ರ ಕಡತ ತೆರೆಯುತ್ತೇನೆ ಅನ್ನುವುದು ಸರಿಯಲ್ಲ.

ಆದರೆ ಒಂದು ಎಚ್ಚರ ಬೇಕು. ರಾಜ್ಯದ ಶಾಸನಸಭೆಗಳ ದಾಖಲೆ ಎಲ್ಲ ಕಡೆ ಒಂದೇ ಥರ ಇಲ್ಲ. ಒರೆಗಾನ್‌ನಲ್ಲಿ ಸಮಿತಿ ಸಭೆಗಳ ಧ್ವನಿಮುದ್ರಣ ಇಟ್ಟಿದ್ದಾರೆ. ವಕೀಲರು ಹಳೆಯ ಟೇಪು ಹಾಕಿ ಕೇಳಿ, ಬರೆದುಕೊಂಡು ಬರುತ್ತಾರೆ. ಇಂಥ ದಾಖಲೆ ತೆಳುವಾಗಿರುವ ರಾಜ್ಯಗಳೂ ಇವೆ. ಅಲ್ಲಿ ಇತಿಹಾಸ ಅಂದರೆ ಯಾರೋ ಒಬ್ಬ ಶಾಸಕ ಆಡಿದ ಒಂದು ಮಾತು. ಅದನ್ನು ಇಡೀ ಸದನದ ಮನಸ್ಸು ಅಂತ ಓದಿದರೆ ತಪ್ಪಾಗುತ್ತದೆ.

ಕನೆಕ್ಟಿಕಟ್‌ನಲ್ಲಿ ಇದೇ ಜಗಳ ಉಲ್ಟಾ ದಿಕ್ಕಿನಲ್ಲಿ ನಡೆಯಿತು. 2003ರ ಮಾರ್ಚಿನಲ್ಲಿ, ಮರಣದಂಡನೆಯ ಒಂದು ಕೇಸಿನಲ್ಲಿ, ರಾಜ್ಯದ ಸುಪ್ರೀಂ ಕೋರ್ಟು ಹೇಳಿತು: ಪದ ಸ್ಪಷ್ಟವಿದ್ದರೆ ಬೇರೆ ಏನನ್ನೂ ನೋಡಬಾರದು ಅನ್ನುವ ನಿಯಮವನ್ನು ನಾವು ಬಿಡುತ್ತೇವೆ, ಉದ್ದೇಶ ಮತ್ತು ಇತಿಹಾಸ ಎಲ್ಲವನ್ನೂ ಪ್ರತಿ ಸಲ ನೋಡುತ್ತೇವೆ. ಶಾಸನಸಭೆಗೆ ಇದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಒಂದು ಚಿಕ್ಕ ಕಾಯ್ದೆ ಮಾಡಿ ಹಳೆಯ ನಿಯಮವನ್ನು ವಾಪಸ್ ತಂದಿತು. ಪದ ಸ್ಪಷ್ಟವಾಗಿದ್ದರೆ, ಅದರಿಂದ ಅಸಂಬದ್ಧ ಅಥವಾ ಕಾರ್ಯರೂಪಕ್ಕೆ ಬಾರದ ಫಲ ಬರದಿದ್ದರೆ, ಹೊರಗಿನ ಆಧಾರ ನೋಡಕೂಡದು. ನಾವು ಬರೆದದ್ದನ್ನು ನೀವು ಹೀಗೆ ಓದಬೇಕು ಅಂತ ಶಾಸನಸಭೆ ನ್ಯಾಯಾಧೀಶರಿಗೆ ಹೇಳಿತು. ಹಾಗೆ ಹೇಳುವ ಅಧಿಕಾರ ಅದಕ್ಕೆ ಇದೆಯಾ? ಅಲ್ಲಿನ ಪಂಡಿತರು ಈ ಬಗ್ಗೆ ಇನ್ನೂ ವಾದ ಮಾಡುತ್ತಿದ್ದಾರೆ. ಕನೆಕ್ಟಿಕಟ್ ಕೋರ್ಟಂತೂ ಅದನ್ನು ಪಾಲಿಸುತ್ತಿದೆ.

ಟೆಕ್ಸಾಸ್ ನೋಡಿ. ಪದ ಸ್ಪಷ್ಟವಿರಲಿ ಇಲ್ಲದಿರಲಿ, ಮಸೂದೆಯ ಇತಿಹಾಸ ನೋಡಬಹುದು ಅಂತ ಅಲ್ಲಿನ ಕಾಯ್ದೆಯೇ ಹೇಳುತ್ತದೆ. ಆದರೂ ಅಲ್ಲಿನ ಸುಪ್ರೀಂ ಕೋರ್ಟು ಪದ ಸ್ಪಷ್ಟವಿದ್ದಾಗ ಅದರ ತಂಟೆಗೆ ಹೋಗುವುದಿಲ್ಲ. 'ನೋಡಬಹುದು' ಅಂದರೆ 'ನೋಡಲೇಬೇಕು' ಅಲ್ಲವಲ್ಲ ಅನ್ನುವುದು ಅವರ ನಿಲುವು.

ವಿಸ್ಕಾನ್ಸಿನ್‌ನ 2004ರ ಒಂದು ತೀರ್ಪನ್ನು ಹೇಳದೆ ಮುಂದೆ ಹೋಗಲಾರೆ. ಸರ್ಕಾರಿ ವಕೀಲ ಕ್ರಿಮಿನಲ್ ದೂರು ದಾಖಲಿಸಲು 'ನಿರಾಕರಿಸಿದರೆ' ನ್ಯಾಯಾಧೀಶರೇ ಅನುಮತಿ ಕೊಡಬಹುದು ಅಂತ ಅಲ್ಲಿ ಕಾನೂನಿದೆ. ಒಬ್ಬ ಮಹಿಳೆ ತಾನು ಕೆಲಸ ಮಾಡಿದ ಕಡೆ ತನ್ನ ನಿವೃತ್ತಿ ನಿಧಿಗೆ ಹಣ ಕಟ್ಟಿಲ್ಲ ಅಂತ ದೂರು ಕೊಟ್ಟರು. ತಿಂಗಳುಗಳು ಕಳೆದವು. ಸರ್ಕಾರಿ ವಕೀಲರ ಕಚೇರಿ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ. ನಿಮಗೆ ಕಾನೂನು ಪ್ರಕಾರ ಸರಿಕಂಡ ದಾರಿಯಲ್ಲಿ ಮುಂದುವರಿಯಿರಿ ಅಂದಿತು, ಅಷ್ಟೇ. ಇದು ನಿರಾಕರಣೆಯೇ? ನ್ಯಾಯಮೂರ್ತಿ ಡಯಾನ್ ಸೈಕ್ಸ್ ನಿಘಂಟು ತೆರೆದರು. ಮನಸ್ಸಿಲ್ಲ ಅಂತ ತೋರಿಸುವುದೂ ನಿರಾಕರಣೆಯೇ, ಸಂದರ್ಭದಿಂದ ಅದನ್ನು ಊಹಿಸಬಹುದು ಅಂದರು. ಫಲಿತಾಂಶವನ್ನು ಮುಖ್ಯ ನ್ಯಾಯಮೂರ್ತಿ ಶರ್ಲಿ ಏಬ್ರಹಾಂಸನ್ ಒಪ್ಪಿದರು, ಓದಿದ ಕ್ರಮವನ್ನು ಒಪ್ಪಲಿಲ್ಲ. ಒಂದೇ ಉತ್ತರಕ್ಕೆ ಬಂದ ಇಬ್ಬರು ದಾರಿಯ ಬಗ್ಗೆ ಪುಟಗಟ್ಟಲೆ ಬರೆದರು. ಆ ದಾರಿ ನಾಳೆ ಬರುವ ನೂರಾರು ಕೇಸಿಗೆ ಬೇಕು ಅಂತ ಇಬ್ಬರಿಗೂ ಗೊತ್ತಿತ್ತು.

ಕ್ರಿಮಿನಲ್ ಕಾಯ್ದೆಗಳಲ್ಲಿ ಓದು ಇನ್ನೂ ಬಿಗಿ. ಏನು ಮಾಡಿದರೆ ಜೈಲು ಅಂತ ಜನರಿಗೆ ಮೊದಲೇ ಗೊತ್ತಿರಬೇಕು. ಆದ್ದರಿಂದ ಅನುಮಾನ ಇದ್ದರೆ ಅದರ ಲಾಭ ಆರೋಪಿಗೆ. ಈ ತತ್ವ ನುಂಗಲು ಎಷ್ಟು ಕಷ್ಟ ಅಂತ ತೋರಿಸುವ ಕೇಸು ಮ್ಯಾಸಚೂಸೆಟ್ಸ್‌ನದು. ಬಾಸ್ಟನ್ನಿನ ಟ್ರಾಲಿಯಲ್ಲಿ, ಅಂದರೆ ಊರೊಳಗೆ ಹಳಿಯ ಮೇಲೆ ಓಡುವ ಬಂಡಿಯಲ್ಲಿ, ಒಬ್ಬ ಗಂಡಸು ಮಹಿಳೆಯರ ಸ್ಕರ್ಟಿನ ಕೆಳಗಿನಿಂದ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. 2004ರ ಒಂದು ಕಾಯ್ದೆ ಇತ್ತು. 'ನಗ್ನ ಅಥವಾ ಭಾಗಶಃ ನಗ್ನ' ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಗುಟ್ಟಾಗಿ ಚಿತ್ರಿಸುವುದು ಅದರ ಪ್ರಕಾರ ಅಪರಾಧ. ಟ್ರಾಲಿಯಲ್ಲಿ ಕೂತ ಮಹಿಳೆ ಪೂರ್ತಿ ಬಟ್ಟೆ ಹಾಕಿಕೊಂಡಿದ್ದಾಳೆ. 2014ರ ಮಾರ್ಚ್ 5ರಂದು ಆ ರಾಜ್ಯದ ತುದಿಯ ಕೋರ್ಟು ಹೇಳಿತು: ಆಕೆ 'ಭಾಗಶಃ ನಗ್ನ' ಅಲ್ಲ, ಈ ಕಾಯ್ದೆ ಇಂಥ ಕೃತ್ಯವನ್ನು ಮುಟ್ಟುವುದಿಲ್ಲ.

ಜನರ ಸಿಟ್ಟು ನ್ಯಾಯವಾದದ್ದೇ. ಮಾರನೇ ದಿನವೇ ಎರಡೂ ಸದನಗಳು ಮಸೂದೆ ಪಾಸು ಮಾಡಿದವು. ಮಾರ್ಚ್ 7ರಂದು ಗವರ್ನರ್ ಡೆವಾಲ್ ಪ್ಯಾಟ್ರಿಕ್ ಸಹಿ ಹಾಕಿದರು. ತೀರ್ಪಿಗೂ ಹೊಸ ಕಾಯ್ದೆಗೂ ನಡುವೆ ಎರಡೇ ದಿನ. ಜಾರ್ಜಿಯಾದಲ್ಲಿ 2016ರಲ್ಲಿ ಇಂಥದೇ ಕೇಸು ಮೇಲ್ಮನವಿ ಕೋರ್ಟಿಗೆ ಬಂತು. ಅಲ್ಲಿ ಘಟನೆ ನಡೆದದ್ದು ದಿನಸಿ ಅಂಗಡಿಯಲ್ಲಿ. ಕಾಯ್ದೆಯಲ್ಲಿದ್ದ ಪದ 'ಖಾಸಗಿ ಸ್ಥಳ'. ಸ್ಥಳ ಅಂದರೆ ಕೋಣೆ, ಕಟ್ಟಡದಂಥ ಜಾಗ, ದೇಹದ ಭಾಗ ಅಲ್ಲ ಅಂತ ಆರು ನ್ಯಾಯಾಧೀಶರು ಹೇಳಿದರು. ಮೂವರು ಒಪ್ಪಲಿಲ್ಲ. ಅಲ್ಲಿ ಕಾಯ್ದೆ ತಿದ್ದಿದ್ದು 2017ರಲ್ಲಿ.

ನೊಂದ ಮಹಿಳೆಯ ಕಡೆಯಿಂದ ನೋಡಿದರೆ ಈ ತೀರ್ಪುಗಳು ಸುಡುತ್ತವೆ. ಆ ನೋವನ್ನು ಪಕ್ಕಕ್ಕೆ ತಳ್ಳಿ ಮಾತಾಡುವುದು ನನ್ನಿಂದಾಗದು. ಹೊಸ ಕಾಯ್ದೆ ಹಿಂದಿನ ಕೃತ್ಯಕ್ಕೆ ಅನ್ವಯಿಸುವುದಿಲ್ಲ, ಆಕೆಗೆ ನ್ಯಾಯ ಸಿಗಲಿಲ್ಲ. ಆದರೂ ಪದವನ್ನು ಎಳೆದು ಜೈಲಿಗೆ ಹಾಕುವ ಅಧಿಕಾರ ನ್ಯಾಯಾಧೀಶರಿಗೆ ಇರಬಾರದು ಅಂತಲೇ ನಾನು ನಂಬುತ್ತೇನೆ. ಇವತ್ತು ನಮಗೆ ಬೇಡವಾದವನ ಮೇಲೆ ಎಳೆದ ಪದ ನಾಳೆ ಯಾರ ಮೇಲಾದರೂ ಬೀಳುತ್ತದೆ.

ಸರ್ಕಾರಿ ಇಲಾಖೆ ಕಾಯ್ದೆಯನ್ನು ಒಂದು ಥರ ಓದಿದ್ದರೆ ಕೋರ್ಟು ಅದಕ್ಕೆ ತಲೆಬಾಗಬೇಕಾ? ಕೇಂದ್ರದ ಕೋರ್ಟುಗಳಲ್ಲಿ 1984ರಿಂದ ಇದ್ದ ಆ ರೂಢಿಯನ್ನು ಅಮೆರಿಕದ ಸುಪ್ರೀಂ ಕೋರ್ಟು 2024ರ ಜೂನಿನಲ್ಲಿ ಕೈಬಿಟ್ಟಿತು. ಕೆಲವು ರಾಜ್ಯಗಳು ಈ ದಾರಿಯಲ್ಲಿ ಮೊದಲೇ ಹೋಗಿದ್ದವು. 2018ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟು ಅದನ್ನು ಬಿಟ್ಟಿತು. ಅದೇ ವರ್ಷ ಫ್ಲಾರಿಡಾದ ಮತದಾರರು ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದರು.

ಕೊನೆಯದಾಗಿ ಮೇನ್ ರಾಜ್ಯದ ಅಲ್ಪವಿರಾಮದ ಕೇಸು. ಹಾಲಿನ ಲಾರಿ ಓಡಿಸುವವರಿಗೆ ಓವರ್‌ಟೈಮ್ ಕೊಡಬೇಕಾ ಅನ್ನುವುದು ಪ್ರಶ್ನೆ. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅಂತ ರಾಜ್ಯದ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು. ಅದರ ಕೊನೆಗೆ 'ಸಾಗಣೆಗೆ ಅಥವಾ ವಿತರಣೆಗೆ ಪ್ಯಾಕ್ ಮಾಡುವುದು' ಅಂತ ಓದಬೇಕೋ, 'ಸಾಗಣೆಗೆ ಪ್ಯಾಕ್ ಮಾಡುವುದು' ಒಂದು, 'ವಿತರಣೆ' ಇನ್ನೊಂದು ಅಂತ ಓದಬೇಕೋ? ನಡುವೆ ಅಲ್ಪವಿರಾಮ ಇರಲಿಲ್ಲ. ಚಾಲಕರು ಪ್ಯಾಕ್ ಮಾಡುವುದಿಲ್ಲ, ವಿತರಿಸುತ್ತಾರೆ. ಕೇಸು ಕೇಂದ್ರದ ಮೇಲ್ಮನವಿ ಕೋರ್ಟಿನಲ್ಲಿತ್ತು. ರಾಜ್ಯದ ಕಾಯ್ದೆ ಆದ್ದರಿಂದ ಮೇನ್ ರಾಜ್ಯದ ತುದಿಯ ಕೋರ್ಟು ಹೇಗೆ ಓದುತ್ತಿತ್ತೋ ಹಾಗೆ ಓದುವುದು ಅದರ ಕೆಲಸ. ಅರ್ಥ ಎರಡೂ ಕಡೆ ತೂಗುತ್ತಿದೆ, ಮೇನ್‌ನಲ್ಲಿ ಕೂಲಿಯ ಕಾಯ್ದೆಗಳನ್ನು ಕಾರ್ಮಿಕರಿಗೆ ಅನುಕೂಲವಾಗಿ ಓದಬೇಕು, ಆದ್ದರಿಂದ ಚಾಲಕರ ಕಡೆಗೆ ಅಂತ 2017ರಲ್ಲಿ ಅದು ಹೇಳಿತು. ಆಮೇಲೆ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಶಾಸನಸಭೆ ಆ ಪಟ್ಟಿಯನ್ನು ಅರ್ಧವಿರಾಮ ಹಾಕಿ ಮತ್ತೆ ಬರೆಯಿತು. ಈಗ ವಿತರಣೆ ಬೇರೆಯಾಗಿ ನಿಂತಿದೆ.

ಇನ್ನು ಪ್ರಶ್ನೆಗಳು.

ಒಬ್ಬ ಕಿರಿಯ ವಕೀಲರು ಕೇಳಿದರು: ಇಂಥ ತೀರ್ಪುಗಳನ್ನು ನಮ್ಮ ಕೋರ್ಟಿನಲ್ಲಿ ತೋರಿಸಬಹುದೇ?

ತೋರಿಸಬಹುದು. ಅವು ನಮ್ಮ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಒಪ್ಪಿಸಲು ನೆರವಾಗಬಹುದು ಅಷ್ಟೇ. ಆದರೆ ಫಲಿತಾಂಶ ತೋರಿಸಬೇಡಿ, ಓದಿದ ಕ್ರಮ ತೋರಿಸಿ. ದುಂಬಿ ಮೀನು ಅನ್ನುವುದರಿಂದ ಇಲ್ಲಿ ಯಾರಿಗೂ ಉಪಯೋಗ ಇಲ್ಲ. ವ್ಯಾಖ್ಯೆಯ ಕಲಮು ಯಾವಾಗ ಇಡೀ ಕಾಯ್ದೆಗೆ ಅನ್ವಯ, ಯಾವಾಗ ಸಂದರ್ಭ ಅದನ್ನು ತಡೆಯುತ್ತದೆ ಅನ್ನುವ ಚರ್ಚೆ ನಮಗೂ ಬೇಕಾದದ್ದೇ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು ಇನ್ನೂ ಆಳದ ಪ್ರಶ್ನೆ: ಕೋರ್ಟು ಒಂದು ಅರ್ಥ ಕೊಟ್ಟ ಮೇಲೆ ಶಾಸನಸಭೆ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬಹುದೇ?

ಹಲವು ರಾಜ್ಯದ ಕೋರ್ಟುಗಳು ಹಾಗೆ ಹೇಳಿದ್ದಿದೆ. ಹತ್ತಾರು ವರ್ಷ ಯಾರೂ ತಿದ್ದಿಲ್ಲ, ಅಂದರೆ ಒಪ್ಪಿದ್ದಾರೆ ಅಂತ. ನನಗೆ ಇದು ತೆಳುವಾದ ಆಧಾರ. ಮಸೂದೆ ಬರದಿರಲು ಕಾರಣ ನೂರು ಇರುತ್ತವೆ. ಆ ತೀರ್ಪು ಶಾಸಕರ ಕಣ್ಣಿಗೇ ಬೀಳದೆ ಇರಬಹುದು. ಬಿದ್ದರೂ ಸಮಿತಿಯಲ್ಲಿ ಮಸೂದೆ ಕೊಳೆಯಬಹುದು. ಜೊತೆಗೆ ಶಾಸನಸಭೆ ಎಷ್ಟು ದಿನ ಕೂರುತ್ತದೆ ಅನ್ನುವುದನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಶಾಸಕರು ವರ್ಷದ ಹೆಚ್ಚಿನ ಭಾಗ ಸದನದಲ್ಲಿರುತ್ತಾರೆ. ಅಲ್ಲಿ ಹತ್ತು ವರ್ಷದ ಮೌನಕ್ಕೆ ಏನೋ ಒಂದಿಷ್ಟು ಅರ್ಥ ಹುಡುಕಬಹುದು. ಟೆಕ್ಸಾಸಿನ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಮಾತ್ರ ನಿಯಮಿತವಾಗಿ ಸೇರುತ್ತದೆ, ಅದೂ ಹೆಚ್ಚೆಂದರೆ 140 ದಿನ. ಅಲ್ಲಿ ಸಭೆ ಮುಗಿದ ಮರುವಾರ ಒಂದು ತೀರ್ಪು ಬಂದರೆ, ಗವರ್ನರ್ ವಿಶೇಷ ಅಧಿವೇಶನ ಕರೆಯದ ಹೊರತು, ಅದಕ್ಕೆ ಉತ್ತರ ಕೊಡಲು ಮುಂದಿನ ಬೆಸ ವರ್ಷದ ಜನವರಿವರೆಗೆ ಕಾಯಬೇಕು. ಅಷ್ಟು ದಿನದ ಮೌನವನ್ನು ಒಪ್ಪಿಗೆ ಅಂತ ಯಾವ ಕೋರ್ಟೂ ಲೆಕ್ಕ ಹಾಕಬಾರದು.